ಒಂದೇ ಸ್ಲೈಡ್, ಎರಡು ವರದಿ

ಪ್ರಶ್ನೆ: ನಮ್ಮ ಅವ್ವನಿಗೆ 62 ವರ್ಷ. ಅವಳ ಬಲಗಾಲಿನ ಹಿಮ್ಮಡಿಯ ಮೇಲಿನ ಕಪ್ಪು ಮಚ್ಚೆ ವರ್ಷದಿಂದ ಅಗಲವಾಗುತ್ತ ಬಂದಿತ್ತು. ಕಬ್ಬಿನ ಹೊಲದಲ್ಲಿ ಮುಳ್ಳು ಚುಚ್ಚಿರಬೇಕೆಂದು ಸುಮ್ಮನಿದ್ದೆವು. ವಿಜಯಪುರದಲ್ಲಿ ಸಣ್ಣ ತುಣುಕು ತೆಗೆದು ಬಯಾಪ್ಸಿ ಮಾಡಿಸಿದಾಗ ‘ಅಸಹಜ ಮಚ್ಚೆ, ಪೂರ್ತಿ ತೆಗೆಯಬೇಕು’ ಎಂಬ ವರದಿ ಬಂತು. ಆ ತುಣುಕಿನ ಪದರವಿದ್ದ ಅದೇ ಗಾಜಿನ ಸ್ಲೈಡನ್ನು ಬೆಳಗಾವಿಯಲ್ಲಿ ತೋರಿಸಿದರೆ ‘ಆರಂಭದ ಹಂತದ ಮೆಲನೋಮ’ (ಒಂದು ಬಗೆಯ ಚರ್ಮದ ಕ್ಯಾನ್ಸರ್) ಎಂದರು. ಯಾರದು ತಪ್ಪು?
– ಓದುಗರೊಬ್ಬರು, ಜಮಖಂಡಿ

ಉತ್ತರ: ಇಬ್ಬರೂ ಎಚ್ಚರಿಕೆಯಿಂದಲೇ ನೋಡಿದ್ದರೂ ಹೀಗಾಗುವುದುಂಟು. ಚರ್ಮದ ಕ್ಯಾನ್ಸರ್‌ಗಳಲ್ಲಿ ಬೇಸಲ್ ಸೆಲ್, ಸ್ಕ್ವೇಮಸ್ ಸೆಲ್ ಬಗೆಯವುಗಳ ಬಗ್ಗೆ ಪೆಥಾಲಜಿಸ್ಟರಲ್ಲಿ (ಸ್ಲೈಡನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ರೋಗ ಗುರುತಿಸುವ ವೈದ್ಯರಲ್ಲಿ) ಸಾಮಾನ್ಯವಾಗಿ ಹೆಚ್ಚು ಭಿನ್ನಾಭಿಪ್ರಾಯ ಬರುವುದಿಲ್ಲ. ತೊಡಕಿರುವುದು ಚರ್ಮಕ್ಕೆ ಬಣ್ಣ ಕೊಡುವ ಜೀವಕಣಗಳಿಂದ ಹುಟ್ಟುವ ಮಚ್ಚೆ ಮತ್ತು ಮೆಲನೋಮಗಳಲ್ಲಿ.

ಅಮೆರಿಕದ 10 ರಾಜ್ಯಗಳ 187 ಪೆಥಾಲಜಿಸ್ಟರಿಗೆ ಒಟ್ಟು 240 ಬಯಾಪ್ಸಿಗಳ ಸ್ಲೈಡ್‌ಗಳನ್ನು ಹಂಚಿಕೊಟ್ಟು ನಡೆಸಿದ ಅಧ್ಯಯನವೊಂದು 2017ರಲ್ಲಿ ಪ್ರಕಟವಾಯಿತು. ಅನುಭವಿ ತಜ್ಞರ ಒಮ್ಮತದ ತೀರ್ಮಾನಕ್ಕೆ ಹೋಲಿಸಿದಾಗ, ನಿರಪಾಯಕಾರಿ ಮಚ್ಚೆಗಳಲ್ಲಿ ಶೇ. 92ರಷ್ಟು ಮತ್ತು ಆಳಕ್ಕಿಳಿದ ಮೆಲನೋಮದಲ್ಲಿ ಶೇ. 72ರಷ್ಟು ಉತ್ತರಗಳು ಹೊಂದಿಕೆಯಾದವು. ಇವೆರಡರ ನಡುವಿನ, ಅಂದರೆ ಅಸಹಜ ಮಚ್ಚೆಯಿಂದ ಆರಂಭದ ಮೆಲನೋಮದವರೆಗಿನ ಮೂರು ವರ್ಗಗಳಲ್ಲಿ ಮಾತ್ರ ಈ ಪ್ರಮಾಣ ಶೇ. 25, 40 ಮತ್ತು 43ಕ್ಕೆ ಕುಸಿಯಿತು. ಎಂಟು ತಿಂಗಳೋ ಅದಕ್ಕೂ ಹೆಚ್ಚೋ ಕಳೆದ ಮೇಲೆ ಅವೇ ಸ್ಲೈಡ್‌ಗಳನ್ನು ಮತ್ತೆ ಕೊಟ್ಟಾಗ, ಅದೇ ವೈದ್ಯರು ತಮ್ಮ ಹಿಂದಿನ ಅಭಿಪ್ರಾಯವನ್ನೇ ಬದಲಿಸಿದ ಉದಾಹರಣೆಗಳೂ ಕಡಿಮೆಯಿರಲಿಲ್ಲ. ಹಾಗೆಂದು ಎಲ್ಲ ವರದಿಗಳನ್ನೂ ಅನುಮಾನಿಸಬೇಕಿಲ್ಲ. ಆ ಅಧ್ಯಯನಕ್ಕೆ ಕಠಿಣ ಸ್ಲೈಡ್‌ಗಳನ್ನೇ ಹೆಚ್ಚಾಗಿ ಆರಿಸಲಾಗಿತ್ತು. ದಿನನಿತ್ಯ ಬರುವ ಬಯಾಪ್ಸಿಗಳನ್ನು ಲೆಕ್ಕಕ್ಕೆ ತೆಗೆದುಕೊಂಡರೆ ಸರಿಯುತ್ತರ ಶೇ. 83ರಷ್ಟಿರಬಹುದೆಂದು ಅದೇ ಸಂಶೋಧಕರು ಅಂದಾಜಿಸಿದ್ದಾರೆ.

ಬಿಳಿಜೋಳದ ಹಾಲುಗಾಳು ಗಟ್ಟಿಗಾಳಾದ ದಿನ ಇದೇ ಎಂದು ಬೆರಳಿಟ್ಟು ತೋರಿಸಲಾಗದಂತೆ, ಅಸಹಜ ಮಚ್ಚೆಗೂ ಆರಂಭದ ಮೆಲನೋಮಕ್ಕೂ ನಡುವೆ ಎದ್ದು ಕಾಣುವ ಗಡಿಯಿಲ್ಲ. ಜೀವಕಣಗಳ ಆಕಾರ, ಅವು ಗುಂಪುಗೂಡಿದ ಬಗೆ, ಎರಡೂ ಬದಿಯ ಸಮತೆ, ಮೇಲ್ಪದರಕ್ಕೆ ಏರಿರುವಿಕೆ ಇವನ್ನೆಲ್ಲ ತೂಗಿ ನೋಡಿ ನಿರ್ಧರಿಸಬೇಕು. ಅದರಲ್ಲೂ ಅಂಗಾಲಿನ ಚರ್ಮ ಮೋಸಗೊಳಿಸುವಂಥದ್ದು, ಏಕೆಂದರೆ ಅಲ್ಲಿನ ನಿರಪಾಯಕಾರಿ ಮಚ್ಚೆಯಲ್ಲೂ ಕಣಗಳು ಮೇಲ್ಪದರದಲ್ಲಿ ಕಾಣಿಸಿಕೊಳ್ಳುತ್ತವೆ. ಹಿಮ್ಮಡಿಯ ಗೆರೆಗಳಿಗೆ ಅಡ್ಡಲಾಗಿ ಕೊಯ್ದಾಗ ಅಚ್ಚುಕಟ್ಟಾಗಿ ತೋರುವ ಮಚ್ಚೆ, ಗೆರೆಯುದ್ದಕ್ಕೆ ಕೊಯ್ದಾಗ ಅಸ್ತವ್ಯಸ್ತವಾಗಿ ತೋರಬಹುದು. ಚೂರೇ ತುಣುಕು ತೆಗೆದಿದ್ದರಂತೂ ಮಚ್ಚೆಯ ಅಂಚು ಕಣ್ಣಿಗೇ ಬೀಳುವುದಿಲ್ಲ. (ಮಚ್ಚೆಗೆ ಸುಣ್ಣ ಹಚ್ಚಿ ಸುಡುವ ರೂಢಿ ನಿಮ್ಮಲ್ಲಿದ್ದರೆ ಬಿಡಿಸಿರಿ, ಗಾಯವಾಗಿ ಮತ್ತೆ ಬೆಳೆದ ಮಚ್ಚೆ ಸೂಕ್ಷ್ಮದರ್ಶಕದಡಿ ಮೆಲನೋಮದಂತೆಯೇ ಕಾಣಬಲ್ಲದು.)

ಯಾರದು ತಪ್ಪೆಂಬ ನಿಮ್ಮ ಪ್ರಶ್ನೆಗಿಂತ, ಎರಡೂ ವರದಿಗಳು ಎಲ್ಲಿ ಕೂಡುತ್ತವೆ ಎಂಬುದು ಅವ್ವನವರಿಗೆ ಹೆಚ್ಚು ಮುಖ್ಯ. ಮಚ್ಚೆಯನ್ನು ಪೂರ್ತಿ ತೆಗೆಯಬೇಕೆಂಬುದು ಮೊದಲನೆಯ ವರದಿಯಲ್ಲೇ ಇದೆ, ಮೆಲನೋಮವೆಂದಾದರೆ ಅದು ಇನ್ನಷ್ಟು ಅಗತ್ಯ. ಸುತ್ತಲಿನ ಒಳ್ಳೆಯ ಚರ್ಮವನ್ನು ಎಷ್ಟು ಸೇರಿಸಿ ತೆಗೆಯಬೇಕೆಂಬುದು ಮಾತ್ರ ಅಂತಿಮ ತೀರ್ಮಾನದ ಮೇಲೆ ನಿಂತಿದೆ. ಆದ್ದರಿಂದ ತಡಮಾಡದೆ, ಚರ್ಮದ ಬಯಾಪ್ಸಿಯಲ್ಲೇ ಪಳಗಿದ ಮೂರನೆಯ ತಜ್ಞರಿಗೆ ತೋರಿಸಿರಿ. ಬೆಂಗಳೂರಿನ ಕಿದ್ವಾಯಿ ಅಥವಾ ಮುಂಬಯಿಯ ಟಾಟಾ ಮೆಮೋರಿಯಲ್‌ನಂಥ ಕ್ಯಾನ್ಸರ್ ಆಸ್ಪತ್ರೆಯೂ ಆಗಬಹುದು. ಸ್ಲೈಡ್ ಒಂದನ್ನೇ ಒಯ್ಯಬೇಡಿ, ಮೊದಲ ಲ್ಯಾಬಿನಿಂದ ತುಣುಕನ್ನು ಹುದುಗಿಸಿಟ್ಟ ಮೇಣದ ಬ್ಲಾಕನ್ನೂ ಕೇಳಿ ಪಡೆಯಿರಿ, ಏಕೆಂದರೆ ಹೊಸ ಪದರಗಳನ್ನು ಕೊಯ್ದು ಎಚ್‌ಎಂಬಿ-45, ಮೆಲಾನ್-ಎ ಮುಂತಾದ ವಿಶೇಷ ಪರೀಕ್ಷೆ ಮಾಡಲು ಅದು ಬೇಕು. ಇವು ನೆರವಾಗುತ್ತವೆಯೇ ಹೊರತು ತಾವೇ ತೀರ್ಪು ಕೊಡುವುದಿಲ್ಲ. ಮಚ್ಚೆಯ ಹಳೆಯ ಫೋಟೊ ಇದ್ದರೆ ಜೊತೆಗಿರಲಿ, ಎರಡೂ ವರದಿಗಳನ್ನು ಮುಚ್ಚಿಡದೆ ತೋರಿಸಿರಿ. ಮೆಲನೋಮವೆಂದೇ ಖಚಿತವಾದರೆ ಅದು ಎಷ್ಟು ಮಿಲಿಮೀಟರ್ ಆಳಕ್ಕಿಳಿದಿದೆ ಎಂಬ ಬ್ರೆಸ್ಲೊ ಅಳತೆಯನ್ನು ವರದಿಯಲ್ಲಿ ಬರೆಸಿಕೊಳ್ಳಿರಿ. ಶಸ್ತ್ರಚಿಕಿತ್ಸೆಯ ನಂತರ ಇಡೀ ಮಚ್ಚೆಯನ್ನು ಹಳೆಯ ಸ್ಲೈಡ್‌ಗಳೊಂದಿಗೆ ಅದೇ ತಜ್ಞರಿಗೆ ಕಳಿಸುವಂತೆ ಸರ್ಜನ್‌ರಿಗೆ ಮೊದಲೇ ಹೇಳಿಟ್ಟಿರಿ.