ಆಪರೇಷನ್ ಮುಗಿದ ಮೇಲಿನ ಮೂರು ಗಂಟೆ

ಪ್ರಶ್ನೆ: ನಮ್ಮ ಮುಧೋಳ ಹೆಣ್ಣುನಾಯಿಗೆ ಮೂರು ವರ್ಷ. ಮರಿ ಬೇಡ ಅಂತ ಗರ್ಭಕೋಶ ತೆಗೆಸಬೇಕೆಂದಿದ್ದೇವೆ. ಅರಿವಳಿಕೆ ಕೊಟ್ಟರೆ ನಾಯಿ ಮತ್ತೆ ಏಳದೇ ಹೋಗಬಹುದು ಅಂತ ಕೆಲವರು ಹೆದರಿಸುತ್ತಿದ್ದಾರೆ. ನಿಜವೇ? ಒಳಗೆ ಏನು ಮಾಡುತ್ತಾರೆ?
– ಓದುಗರೊಬ್ಬರು, ಬಾಗಲಕೋಟೆ

ಉತ್ತರ: ಭಯ ಸಹಜ. ಆದರೆ ಅಪಾಯ ಎಷ್ಟು ಅಂತಲೂ ಗೊತ್ತಿರಲಿ. ಬ್ರಿಟನ್ನಿನಲ್ಲಿ 2008ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದರಲ್ಲಿ ಆರೋಗ್ಯವಾಗಿದ್ದ ನಾಯಿಗಳ ಪೈಕಿ ಸುಮಾರು 2,000ಕ್ಕೆ ಒಂದು ಅರಿವಳಿಕೆಯಿಂದ ಸತ್ತಿತ್ತು. ಕಾಯಿಲೆ ಇದ್ದವುಗಳಲ್ಲಿ ಸುಮಾರು 75ಕ್ಕೆ ಒಂದು. ಎಷ್ಟು ವ್ಯತ್ಯಾಸ ನೋಡಿ!

ಅದಕ್ಕೇ ರಕ್ತ ಪರೀಕ್ಷೆ ಬಿಡಬೇಡಿ. ನಮ್ಮ ಕಡೆ ಉಣ್ಣೆ ಹುಳ ಕಚ್ಚಿ ಬರುವ ಜ್ವರ ಜಾಸ್ತಿ. ನಾಯಿ ಆರಾಮಾಗಿ ಓಡಾಡಿಕೊಂಡೇ ಇರುತ್ತದೆ, ಒಳಗೆ ಪ್ಲೇಟ್‌ಲೆಟ್ ಕುಸಿದಿರುತ್ತದೆ, ಅಂಥ ಸ್ಥಿತಿಯಲ್ಲಿ ಹೊಟ್ಟೆ ಕೊಯ್ದರೆ ರಕ್ತ ನಿಲ್ಲಿಸೋದು ಕಷ್ಟ. ಬೆದೆಗೆ ಬಂದಿದ್ದರೂ ಎರಡು ಮೂರು ತಿಂಗಳು ತಡೆಯಿರಿ, ಬೆದೆಯ ಹೊತ್ತಿನಲ್ಲಿ ಗರ್ಭಕೋಶದ ರಕ್ತನಾಳಗಳು ಉಬ್ಬಿರುತ್ತವೆ.

ಹಿಂದಿನ ರಾತ್ರಿ ಊಟ ಹಾಕಿ. ಬೆಳಗ್ಗೆ ಏನೂ ಬೇಡ. ಮತ್ತಿನಲ್ಲಿ ವಾಂತಿಯಾದರೆ ಅದು ಶ್ವಾಸಕೋಶಕ್ಕೆ ಇಳಿಯಬಹುದು. ಮನೆಯಲ್ಲಿ ಯಾರಾದರೂ ಪಾಪ ಅಂತ ಅರ್ಧ ಚಪಾತಿ ಕೊಟ್ಟಿದ್ದರೆ ವೈದ್ಯರಿಗೆ ಹೇಳಿಬಿಡಿ, ಮುಚ್ಚಿಡಬೇಡಿ. ಆಪರೇಷನ್ ನಾಳೆಗೆ ಹೋದರೆ ಏನೂ ನಷ್ಟವಿಲ್ಲ.

ಒಳಗೆ ಮೊದಲು ಮಂಪರಿಗೂ ನೋವಿಗೂ ಇಂಜೆಕ್ಷನ್ ಕೊಡುತ್ತಾರೆ. ಮುಂಗಾಲಿನ ರಕ್ತನಾಳಕ್ಕೆ ಸೂಜಿ ಹಾಕಿ ಪ್ರೊಪೊಫಾಲ್‌ನಂಥ ಔಷಧಿ ಬಿಟ್ಟರೆ ಒಂದು ನಿಮಿಷದೊಳಗೆ ನಿದ್ದೆ. ಆಮೇಲೆ ಶ್ವಾಸನಾಳಕ್ಕೆ ಟ್ಯೂಬ್ ಇಳಿಸಿ ಆಕ್ಸಿಜನ್ ಜೊತೆ ಐಸೋಫ್ಲೂರೇನ್ ಅನ್ನುವ ಅರಿವಳಿಕೆ ಗ್ಯಾಸ್ ಕೊಡುತ್ತಾರೆ. ನಾಲಿಗೆಗೆ ಆಕ್ಸಿಜನ್ ಅಳೆಯುವ ಕ್ಲಿಪ್ ಹಾಕುತ್ತಾರೆ. ರೆಪ್ಪೆ ಬಡಿಯುವುದಿಲ್ಲ, ಕಣ್ಣೀರೂ ಕಡಿಮೆ, ಹಾಗಾಗಿ ಕಣ್ಣಿಗೆ ಮುಲಾಮು ಹಚ್ಚಬೇಕಾಗುತ್ತದೆ. ಎಲ್ಲ ಆಸ್ಪತ್ರೆಗಳಲ್ಲೂ ಗ್ಯಾಸ್ ಯಂತ್ರ ಇರುವುದಿಲ್ಲ, ಬರೀ ಇಂಜೆಕ್ಷನ್‌ನಲ್ಲೇ ಮಾಡುವವರಿದ್ದಾರೆ. ನಾಚಿಕೆ ಬಿಟ್ಟು ಕೇಳಿ: ಟ್ಯೂಬ್ ಹಾಕುತ್ತೀರಾ, ಆಕ್ಸಿಜನ್ ಇದೆಯಾ, ನಾಯಿಯ ಉಸಿರು ನೋಡಿಕೊಳ್ಳಲು ಬೇರೊಬ್ಬರು ಇರುತ್ತಾರಾ?

ನಿಮ್ಮದು ಮುಧೋಳ ಅಂತ ಇನ್ನೊಂದು ಮಾತು. ತೆಳ್ಳನೆ ಮೈ, ಕೊಬ್ಬು ಕಡಿಮೆ. ಹಳೆಯ ಥಯೋಪೆಂಟೋನ್ ಇಂಜೆಕ್ಷನ್ ಕೊಟ್ಟರೆ ಗ್ರೇಹೌಂಡ್‌ಗಳು ಏಳಲು ತುಂಬಾ ಹೊತ್ತು ತೆಗೆದುಕೊಳ್ಳುತ್ತವೆ. ಅದೇ ಮೈಕಟ್ಟಿನ ಮುಧೋಳಕ್ಕೂ ನಾನದನ್ನು ಬಳಸುವುದಿಲ್ಲ. ಇವಕ್ಕೆ ಚಳಿಯೂ ಬೇಗ ಹತ್ತುತ್ತದೆ. ಒಂದು ಕಂಬಳಿ ತೆಗೆದುಕೊಂಡು ಹೋಗಿ.

ಜನ ಕತ್ತರಿ ಹಾಕುವ ಹೊತ್ತಿಗೆ ಹೆದರುತ್ತಾರೆ, ಹೊಲಿಗೆ ಮುಗಿಯಿತು ಅಂದ ಕೂಡಲೇ ನಿರಾಳವಾಗಿ ಆಟೋ ಕರೆಯುತ್ತಾರೆ. ಆದರೆ ಅದೇ ಅಧ್ಯಯನದಲ್ಲಿ ಸತ್ತ ನಾಯಿಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಸತ್ತದ್ದು ಆಪರೇಷನ್ ಮುಗಿದ ಮೇಲೆ, ಅದರಲ್ಲೂ ಬಹುಪಾಲು ಮೊದಲ ಮೂರು ಗಂಟೆಗಳಲ್ಲಿ. ಯಂತ್ರ ಬಿಚ್ಚಿರುತ್ತಾರೆ, ಮೈ ತಣ್ಣಗಾಗಿರುತ್ತದೆ, ನೋಡುವವರು ಯಾರೂ ಇರುವುದಿಲ್ಲ. ದಯವಿಟ್ಟು ಅವಸರ ಮಾಡಬೇಡಿ. ತಾನಾಗಿ ತಲೆ ಎತ್ತಿ, ಎದೆ ನೆಲಕ್ಕೂರಿ ಕೂತು, ಕರೆದರೆ ನಿಮ್ಮ ಕಡೆ ನೋಡುವವರೆಗೆ ಅಲ್ಲೇ ಇರಿ. ಒಸಡು ಗುಲಾಬಿ ಬಣ್ಣ ಇರಬೇಕು. ಮನೆಗೆ ಬಂದ ಮೇಲೆ ಬಿಳಿಚಿಕೊಂಡರೆ, ಹೊಟ್ಟೆ ಉಬ್ಬಿದರೆ ಬೆಳಗಾಗಲಿ ಅಂತ ಕಾಯಬೇಡಿ.

ಪ್ರಶ್ನೆ: ಬೆಕ್ಕಿಗೆ ನಿನ್ನೆ ಆಪರೇಷನ್ ಆಯಿತು. ನೋವಿಗೆ ಅರ್ಧ ಪ್ಯಾರಾಸಿಟಮಾಲ್ ಕೊಡಬಹುದಾ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಬೇಡವೇ ಬೇಡ. ಬೆಕ್ಕಿನ ಲಿವರ್ ಅದನ್ನು ಕರಗಿಸಿ ಹೊರಹಾಕಲಾರದು, ರಕ್ತ ಆಕ್ಸಿಜನ್ ಹೊರುವ ಶಕ್ತಿ ಕಳೆದುಕೊಳ್ಳುತ್ತದೆ. 500 ಮಿಲಿಗ್ರಾಂ ಮಾತ್ರೆಯ ಅರ್ಧವೇ ಒಂದು ಬೆಕ್ಕನ್ನು ಕೊಲ್ಲಲು ಸಾಕು. ಐಬುಪ್ರೊಫೆನ್, ಡೈಕ್ಲೋಫೆನಾಕ್ ಕೂಡ ಬೇಡ. ಆಪರೇಷನ್ ಮಾಡಿದ ವೈದ್ಯರಿಗೇ ಫೋನ್ ಮಾಡಿ, ಬೆಕ್ಕಿನ ತೂಕ ಹೇಳಿ ಔಷಧಿ ಕೇಳಿ. ಈಗಾಗಲೇ ಕೊಟ್ಟಿದ್ದರೆ ಈ ಕ್ಷಣವೇ ಆಸ್ಪತ್ರೆಗೆ ಓಡಿ. ಬೇಗ ತಂದರೆ ಅದಕ್ಕೆ ಅಸಿಟೈಲ್‌ಸಿಸ್ಟೀನ್ ಅನ್ನುವ ಪ್ರತಿಔಷಧಿ ಇದೆ.