ಜಾಝ್ ಟ್ರೊಂಬೋನ್ ನುಡಿಸಿಕೊಂಡು ಬದುಕಿದ ಹೆಂಗಸರು ಯಾರಾದ್ರೂ ಇದಾರಾ? ಅವರ ಜೀವನ ಹೇಗಿತ್ತು?

ನಿಮ್ಮ ಮಗಳು ಅಮೆರಿಕದ ಸ್ಕೂಲ್ ಬ್ಯಾಂಡ್‌ಗೆ ಸೇರಿದಾಳೆ, ಫ್ಲೂಟ್ ಬೇಡ ಕ್ಲಾರಿನೆಟ್ ಬೇಡ ಅಂತ ಹಟ ಮಾಡಿ ಟ್ರೊಂಬೋನ್ ತಗೊಂಡು ಬಂದಿದಾಳೆ, ಊರಿಂದ ಫೋನ್ ಮಾಡಿದವರೆಲ್ಲ ಅದು ಗಂಡು ಹುಡುಗರು ಊದೋದಲ್ವಾ ಅಂತಿದಾರೆ, ಇದನ್ನ ನುಡಿಸಿ ಜಾಝ್‌ನಲ್ಲಿ ನಿಂತ ಹೆಂಗಸರು ಯಾರಾದ್ರೂ ಇದ್ರಾ ಅಂತ ಕೇಳಿದೀರಿ. ಇದ್ರು. ಮೆಲ್ಬಾ ಲಿಸ್ಟನ್ ಅಂತ. ನಾನು ಇಲ್ಲಿ ಒಂದು ಕಮ್ಯುನಿಟಿ ಬ್ಯಾಂಡ್‌ನಲ್ಲಿ ಥರ್ಡ್ ಟ್ರೊಂಬೋನ್ ಊದ್ತೀನಿ, ಕೆಲಸ ಬೇರೆ, ಇದು ಸಂಜೆಯ ಹುಚ್ಚು, ಆದ್ರೆ ಈಯಮ್ಮನ ಬಗ್ಗೆ ಯಾರು ಕೇಳಿದ್ರೂ ನಂಗೆ ಸುಮ್ನಿರೋಕಾಗಲ್ಲ, ಹಂಗಾಗಿ ಉತ್ತರ ಉದ್ದ ಆಗುತ್ತೆ.

ಹುಟ್ಟಿದ್ದು 1926ರ ಜನವರಿ 13, ಮಿಸ್ಸೂರಿಯ ಕಾನ್ಸಾಸ್ ಸಿಟಿ. ಏಳು ವರ್ಷದ ಮಗು ಇದ್ದಾಗ ಟ್ರೊಂಬೋನ್ ನೋಡಿ ಅದೇ ಬೇಕು ಅಂದಳು, ಅಮ್ಮ ತೆಗೆಸಿಕೊಟ್ರು. ಕಾಲ ಯಾವುದು ನೋಡಿ, 1933ರ ಸುಮಾರು, ದೇಶದಲ್ಲಿ ಕೆಲಸ ಇಲ್ಲ ದುಡ್ಡಿಲ್ಲ, ಅದರಲ್ಲೂ ಕರಿಯರ ಮನೆ, ಅಂಥಾದ್ರಲ್ಲಿ ಒಂದು ಹೆಣ್ಣು ಮಗುವಿಗೆ ಹಿತ್ತಾಳೆ ವಾದ್ಯ. ಹೇಳಿಕೊಡೋರು ಅಂತ ಯಾರೂ ಇರ್ಲಿಲ್ಲ, ತಾತ ಗಿಟಾರ್ ನುಡಿಸ್ತಿದ್ರು, ಅವರ ಜೊತೆ ಕೂತು ಚರ್ಚ್ ಹಾಡು, ಜನಪದ ಹಾಡು ಇವನ್ನೆಲ್ಲ ಕಿವಿಯಲ್ಲೇ ಹಿಡಿದು ಕಲಿತದ್ದು. ಎಂಟನೇ ವಯಸ್ಸಿಗೆ ಅಲ್ಲಿನ ರೇಡಿಯೋದಲ್ಲಿ ಒಬ್ಬಳೇ ನುಡಿಸಿದ್ದಾಳೆ.

ಇದು ಎಷ್ಟು ದೊಡ್ಡ ವಿಷಯ ಅಂತ ಗೊತ್ತಾಗಬೇಕಾದ್ರೆ ವಾದ್ಯದ ಬಗ್ಗೆ ಸ್ವಲ್ಪ ಹೇಳಬೇಕು. ಟ್ರಂಪೆಟ್‌ಗೆ ಇರೋ ಹಾಗೆ ಒತ್ತೋಕೆ ಮೂರು ವಾಲ್ವ್ ಇದಕ್ಕಿಲ್ಲ, ಹಿಂದೆ ಮುಂದೆ ಜಾರಿಸೋ ಕೊಳವೆ, ಅಂದ್ರೆ ಸ್ಲೈಡ್, ಒಂದೇ. ಏಳು ಪೊಸಿಷನ್, ಒಂದೊಂದು ಪೊಸಿಷನ್ ಮುಂದಕ್ಕೆ ತಳ್ಳಿದ್ರೆ ಅರ್ಧ ಸ್ವರ ಇಳಿಯುತ್ತೆ, ಆದ್ರೆ ಸ್ಲೈಡ್ ಮೇಲೆ ಗೆರೆ ಗುರುತು ಏನೂ ಇರಲ್ಲ, ವಯೊಲಿನ್‌ನವರು ಜಾರು ತಗೊಂಡು ಸರಿಯಾದ ಜಾಗಕ್ಕೆ ಬೆರಳು ನಿಲ್ಲಿಸ್ತಾರಲ್ಲ ಹಾಗೆ ಕಿವಿ ಹೇಳಿದಲ್ಲಿ ಕೈ ನಿಲ್ಲಬೇಕು. ಏಳನೇ ಪೊಸಿಷನ್ ಅಂತೂ ಚಿಕ್ಕ ಮಕ್ಕಳ ಕೈಗೆ ಎಟುಕೋದೇ ಇಲ್ಲ. ನಿಮ್ಮ ಮಗಳಿಗೂ ಈಗ ಎಟುಕ್ತಾ ಇರಲ್ಲ, ಅದಕ್ಕೆ ಗಾಬರಿ ಬೇಡ, ಶುರುವಿನ ಪಾಠದಲ್ಲಿ ಅದು ಅಷ್ಟಾಗಿ ಬರೋದೂ ಇಲ್ಲ.

1937ರಲ್ಲಿ ಮನೆಯವರು ಲಾಸ್ ಏಂಜಲಿಸ್‌ಗೆ ಬಂದ್ರು. ಅಲ್ಲಿ ಆಲ್ಮಾ ಹೈಟವರ್ ಅಂತ ಒಬ್ಬ ಟೀಚರಮ್ಮ ಮಕ್ಕಳ ಬ್ಯಾಂಡ್ ನಡೆಸ್ತಿದ್ರು, ಮೆಲ್ಬಾ ಗಟ್ಟಿಯಾಗಿದ್ದು ಅವರ ಕೈಕೆಳಗೆ. ಆಮೇಲೆ ಹದಿನಾರನೇ ವಯಸ್ಸಿಗೇ ಲಿಂಕನ್ ಥಿಯೇಟರ್‌ನ ಬ್ಯಾಂಡ್‌ನಲ್ಲಿ ಸಂಬಳದ ಕೆಲಸ, ಅಲ್ಲಿಂದ ಜೆರಾಲ್ಡ್ ವಿಲ್ಸನ್ ಅವರ ಬಿಗ್ ಬ್ಯಾಂಡ್. ವಿಲ್ಸನ್ ಒಳ್ಳೆ ಟ್ರಂಪೆಟ್ ವಾದಕ, ಅದಕ್ಕಿಂತ ಒಳ್ಳೆ ಅರೇಂಜರ್, ಈ ಹುಡುಗಿಗೆ ಬರೆಯೋ ಕೈ ಇದೆ ಅಂತ ಗುರುತಿಸಿದವರಲ್ಲಿ ಅವರೂ ಒಬ್ಬರು.

ಅರೇಂಜರ್ ಕೆಲಸ ಅಂದ್ರೇನು ಅಂತ ಇಲ್ಲೇ ಹೇಳಿಬಿಡ್ತೀನಿ, ಯಾಕಂದ್ರೆ ಮೆಲ್ಬಾ ಜೀವನದ ಮುಕ್ಕಾಲು ಪಾಲು ಇದೇ. ಬಿಗ್ ಬ್ಯಾಂಡ್ ಅಂದ್ರೆ ನಾಲ್ಕು ಟ್ರಂಪೆಟ್, ಮೂರೋ ನಾಲ್ಕೋ ಟ್ರೊಂಬೋನ್, ಐದು ಸ್ಯಾಕ್ಸೋಫೋನ್, ಜೊತೆಗೆ ಪಿಯಾನೋ, ಬೇಸ್, ಡ್ರಮ್ಸ್. ಒಂದು ಹಾಡಿನ ರಾಗ ಯಾರದ್ದೋ ಇರಬಹುದು, ಆದ್ರೆ ಯಾವ ಸಾಲನ್ನ ಯಾರು ಊದಬೇಕು, ಅದರ ಹಿಂದೆ ಮಿಕ್ಕವರು ಯಾವ ಸ್ವರ ಹಿಡಿದಿರಬೇಕು, ಎಲ್ಲಿ ಎಲ್ಲರೂ ಸುಮ್ಮನಾಗಿ ಒಬ್ಬರಿಗೆ ಸೋಲೋ ಬಿಡಬೇಕು, ಇದೆಲ್ಲ ಒಬ್ಬರು ಕೂತು ಪ್ರತಿ ವಾದ್ಯಕ್ಕೂ ಬೇರೆ ಬೇರೆ ಹಾಳೆ ಬರೀಬೇಕು. ಅದೂ ಟ್ರಂಪೆಟ್‌ಗೆ ಒಂದು ಶ್ರುತಿಯಲ್ಲಿ, ಆಲ್ಟೋ ಸ್ಯಾಕ್ಸ್‌ಗೆ ಇನ್ನೊಂದರಲ್ಲಿ, ಟ್ರೊಂಬೋನ್‌ಗೆ ಮತ್ತೊಂದು ಕ್ಲೆಫ್‌ನಲ್ಲಿ, ಅಂದ್ರೆ ಗೆರೆಗಳ ಮೇಲೆ ಸ್ವರ ಗುರುತಿಸೋ ಬೇರೆ ಲೆಕ್ಕದಲ್ಲಿ. ಟ್ರೊಂಬೋನ್‌ನವರು ಎಷ್ಟೋ ಜನ ಈ ಕೆಲಸಕ್ಕೆ ಬಂದಿದಾರೆ, ಜೆ. ಜೆ. ಜಾನ್ಸನ್, ಸ್ಲೈಡ್ ಹ್ಯಾಂಪ್ಟನ್, ಬಾಬ್ ಬ್ರೂಕ್‌ಮೇಯರ್, ಮೆಲ್ಬಾ. ನಂಗನಿಸೋದು ಕೂತಿರೋ ಜಾಗವೇ ಇದಕ್ಕೆ ಕಾರಣ. ಹಿಂದೆ ಟ್ರಂಪೆಟ್, ಮುಂದೆ ಸ್ಯಾಕ್ಸ್, ಮಧ್ಯ ನಾವು, ರಾಗ ನಮ್ಮ ಪಾಲಿಗೆ ಬರೋದು ಕಮ್ಮಿ, ಒಳಗಿನ ಸ್ವರಗಳೇ ಜಾಸ್ತಿ, ಹಾಗಾಗಿ ಇಡೀ ಬ್ಯಾಂಡ್ ಹೇಗೆ ಕಟ್ಟಿದಾರೆ ಅನ್ನೋದು ದಿನಾ ಕಿವಿಗೆ ಬೀಳ್ತಾ ಇರುತ್ತೆ.

1947ರಲ್ಲಿ ಡೆಕ್ಸ್ಟರ್ ಗಾರ್ಡನ್ ಅವರ ಜೊತೆ ರೆಕಾರ್ಡಿಂಗ್. ಡೆಕ್ಸ್ಟರ್ ಲಾಸ್ ಏಂಜಲಿಸ್‌ನ ಹಳೇ ಗೆಳೆಯ, ಅಷ್ಟು ಹೊತ್ತಿಗೆ ಟೆನರ್ ಸ್ಯಾಕ್ಸ್‌ನಲ್ಲಿ ದೊಡ್ಡ ಹೆಸರು, 'ಮಿಸ್ಚಿವಸ್ ಲೇಡಿ' ಅಂತ ಒಂದು ಟ್ಯೂನ್ ಮೆಲ್ಬಾಗೋಸ್ಕರಾನೇ ಮಾಡಿದ್ರು. ಆಗ ಮೆಲ್ಬಾಗೆ ಸೋಲೋ ಅಂದ್ರೆ ಭಯ. ಸೆಕ್ಷನ್‌ನಲ್ಲಿ ಕೂತು ಓದಿ ನುಡಿಸು ಅಂದ್ರೆ ಎಂಥಾ ಹಾಳೆ ಬೇಕಾದ್ರೂ ಇಡಿ, ಎದ್ದು ನಿಂತು ಒಬ್ಬಳೇ ಊದು ಅಂದ್ರೆ ಕೈಕಾಲು ನಡುಕ. ಆ ಕಾಲದ ಬೆಬಾಪ್ ಅನ್ನೋ ಭಾರಿ ವೇಗದ ಜಾಝ್ ಶೈಲಿ ಬೇರೆ ಸ್ಲೈಡ್ ಹಿಡಿದವರಿಗೆ ಭಾರಿ ಕಷ್ಟ, ಸ್ಯಾಕ್ಸ್‌ನವರು ಬೆರಳಲ್ಲಿ ಆಡಿಸೋದನ್ನ ನಾವು ಇಡೀ ತೋಳಲ್ಲಿ ಆಡಿಸಬೇಕು.

1949ರಲ್ಲಿ ಹಾಡುಗಾರ್ತಿ ಬಿಲ್ಲಿ ಹಾಲಿಡೇ ಜೊತೆ ದಕ್ಷಿಣದ ರಾಜ್ಯಗಳಿಗೆ ಟೂರ್ ಹೋದ್ರು. ಅದು ಕೆಟ್ಟ ಟೂರ್. ಜನ ಬರ್ಲಿಲ್ಲ, ಬಂದವರು ಕೇಳ್ಲಿಲ್ಲ, ದುಡ್ಡು ಖಾಲಿಯಾಗಿ ಬ್ಯಾಂಡ್ ದಾರಿ ಮಧ್ಯದಲ್ಲೇ ಸಿಕ್ಕಿಹಾಕಿಕೊಳ್ತು. ಕರಿಯರಿಗೆ ಹೋಟೆಲ್ ಇಲ್ಲದ ಊರುಗಳು, ಅದರ ಮೇಲೆ ಬಸ್‌ನಲ್ಲಿ ಹೆಣ್ಣುಮಕ್ಕಳು ಬೆರಳೆಣಿಕೆ. ಟೂರ್‌ಗಳಲ್ಲಿ ತನ್ನ ಮೇಲೆ ಲೈಂಗಿಕ ದೌರ್ಜನ್ಯ ನಡೆದಿತ್ತು ಅಂತ ಮೆಲ್ಬಾ ಮುಂದೆ ಸಂದರ್ಶನಗಳಲ್ಲಿ ತಾವೇ ಹೇಳಿದಾರೆ. ನೀವು ಮಗಳಿಗೋಸ್ಕರ ಕೇಳ್ತಿರೋದ್ರಿಂದ ಇದನ್ನ ಮುಚ್ಚಿಟ್ಟು ಬರೀ ಪದಕ ಪ್ರಶಸ್ತಿ ಹೇಳೋದು ನಂಗೆ ಸರಿ ಕಾಣಲಿಲ್ಲ, ಅದು ಆಕೆಗೆ ಮಾಡೋ ಅನ್ಯಾಯ ಕೂಡ.

ಊರಿಗೆ ವಾಪಸ್ ಬಂದು ಟ್ರೊಂಬೋನ್ ಪಕ್ಕಕ್ಕಿಟ್ರು. ಲಾಸ್ ಏಂಜಲಿಸ್‌ನ ಶಿಕ್ಷಣ ಮಂಡಳಿಯಲ್ಲಿ ಗುಮಾಸ್ತಿಕೆ. ಮಧ್ಯದಲ್ಲಿ ಸಿನಿಮಾದಲ್ಲಿ ಎಕ್ಸ್‌ಟ್ರಾ ಪಾರ್ಟು, 'ದಿ ಪ್ರಾಡಿಗಲ್'ನಲ್ಲಿ ಲಾನಾ ಟರ್ನರ್ ಹಿಂದೆ ಹಾರ್ಪ್ ಹಿಡಿದು ಓಡಾಡಿದಾರೆ, 'ದಿ ಟೆನ್ ಕಮಾಂಡ್‌ಮೆಂಟ್ಸ್'ನಲ್ಲೂ ಇದಾರೆ. ದೇಶದ ಅತ್ಯುತ್ತಮ ಬ್ಯಾಂಡ್‌ಗಳಲ್ಲಿ ಕೂತು ಬಂದವರು ತೆರೆ ಮೇಲೆ ಸುಮ್ನೆ ವೇಷ ಹಾಕಿ ವಾದ್ಯ ಮೀಟಿದ ಹಾಗೆ ಮಾಡಬೇಕಾಯ್ತು, ಇದನ್ನ ಓದಿದಾಗೆಲ್ಲ ನಂಗೆ ಸಂಕಟ ಆಗುತ್ತೆ. ಆದ್ರೆ ಇದು ಬರೀ ಹೆಂಗಸರ ಕಷ್ಟ ಅಂತಲೂ ಅಲ್ಲ. ಟ್ರೊಂಬೋನ್‌ನಲ್ಲಿ ಬೆಬಾಪ್ ಹೀಗೆ ನುಡಿಸಬಹುದು ಅಂತ ತೋರಿಸಿಕೊಟ್ಟ ಜೆ. ಜೆ. ಜಾನ್ಸನ್ ಅವರೇ 1952ರಿಂದ 54ರವರೆಗೆ ಒಂದು ಕಂಪನಿಯಲ್ಲಿ ಬ್ಲೂಪ್ರಿಂಟ್ ತಪಾಸಣೆ ಕೆಲಸ ಮಾಡಿದಾರೆ. ಈ ವಾದ್ಯ ಹಿಡಿದವರಿಗೆ ನಿಂತ ಸಂಪಾದನೆ ಅನ್ನೋದು ಯಾವತ್ತೂ ಇರ್ಲಿಲ್ಲ.

1956ರಲ್ಲಿ ಟ್ರಂಪೆಟ್ ವಾದಕ ಡಿಝಿ ಗಿಲೆಸ್ಪಿ ತಮ್ಮ ಬ್ಯಾಂಡ್‌ಗೆ ಕರೆದ್ರು. ಅಮೆರಿಕ ಸರ್ಕಾರ ಜಾಝ್ ಬ್ಯಾಂಡನ್ನ ತನ್ನ ಖರ್ಚಲ್ಲಿ ಹೊರದೇಶಕ್ಕೆ ಕಳಿಸಿದ್ದು ಅದೇ ಮೊದಲು, ಅಬದಾನ್, ಢಾಕಾ, ಕರಾಚಿ, ಬೈರೂತ್, ಡಮಾಸ್ಕಸ್, ಇಸ್ತಾಂಬುಲ್, ಅಥೆನ್ಸ್ ಹೀಗೆ, ಆಮೇಲೆ ದಕ್ಷಿಣ ಅಮೆರಿಕ. ಬ್ಯಾಂಡ್ ಕಟ್ಟೋ ಜವಾಬ್ದಾರಿ ಟ್ರಂಪೆಟ್ ವಾದಕ, ಅರೇಂಜರ್ ಕ್ವಿನ್ಸಿ ಜೋನ್ಸ್‌ದು. ಮೆಲ್ಬಾ ನ್ಯೂಯಾರ್ಕ್‌ಗೆ ಬಂದಾಗ, ಕ್ಯಾಲಿಫೋರ್ನಿಯಾದಿಂದ ಒಂದು ಹೆಂಗಸನ್ನ ಕರೆಸೋ ಗತಿ ಬಂತಾ ಅಂತ ಬ್ಯಾಂಡ್‌ನವರು ಕೆಟ್ಟದಾಗಿ ಮಾತಾಡಿಕೊಂಡಿದ್ದು ಅವರ ಕಿವಿಗೂ ಬಿತ್ತಂತೆ. ಡಿಝಿ ಮೊದಲೇ ಒಂದೆರಡು ಅರೇಂಜ್‌ಮೆಂಟ್ ಬರೆದು ತಾ ಅಂದಿದ್ರು. ರಿಹರ್ಸಲ್‌ನಲ್ಲಿ ಆ ಹಾಳೆ ಹಂಚಿದ್ರು, ಶುರು ಮಾಡಿದ್ರು, ಮಾತಾಡಿದವರೇ ಎರಡು ಸಾಲು ದಾಟೋ ಹೊತ್ತಿಗೆ ಎಡವಿ ನಿಂತ್ರು. ಅಲ್ಲಿಗೆ ಮಾತು ಮುಗೀತು. ಮೆಲ್ಬಾ ಇದನ್ನ ಕೋಪದಲ್ಲಿ ಹೇಳಿಕೊಂಡವರಲ್ಲ, ಆದ್ರೆ ಈ ಪ್ರಸಂಗದಲ್ಲಿ ನಂಗೆ ಮುಖ್ಯ ಅನಿಸೋದು ಅವರು ಜಗಳ ಆಡ್ಲಿಲ್ಲ ಅನ್ನೋದಲ್ಲ, ಹಾಳೆ ಅಷ್ಟು ಚೆನ್ನಾಗಿತ್ತು ಅನ್ನೋದು.

ಆ ಬ್ಯಾಂಡ್‌ಗೆ ಅವರು ಮಾಡಿದ 'ಮೈ ರೆವರಿ' ಹುಡುಕಿ ಕೇಳಿ. ಮೂಲ ಫ್ರೆಂಚ್ ಸಂಯೋಜಕ ಡೆಬುಸಿಯ ಪಿಯಾನೋ ಕೃತಿ. ಸೋಲೋ ಮೆಲ್ಬಾ ಅವರದ್ದೇ. ನಿಧಾನ ಗತಿ, ಟ್ರೊಂಬೋನ್‌ನಲ್ಲಿ ನಿಧಾನ ಅಂದ್ರೆ ಸುಲಭ ಅಲ್ಲ, ಒಂದು ಸ್ವರದಿಂದ ಇನ್ನೊಂದಕ್ಕೆ ಹೋಗುವಾಗ ಸ್ಲೈಡ್ ತಡ ಆದ್ರೆ ಮಧ್ಯದ ಸ್ವರಗಳೆಲ್ಲ ಎಳೆದು ಕೊಳಕಾಗುತ್ತೆ, ನಾಲಿಗೆ ಬಿರುಸಾದ್ರೆ ಸಾಲು ತುಂಡಾಗುತ್ತೆ. ಅವರ ಕೈಯಲ್ಲಿ ಎರಡೂ ಆಗಲ್ಲ, ದನಿ ದುಂಡಗೆ, ಮಂದವಾಗಿ, ಹಾಡೋರ ಉಸಿರಿನ ಹಾಗೇ ಹೋಗುತ್ತೆ. ಸೋಲೋಗೆ ನಡುಗ್ತಿದ್ದ ಹುಡುಗಿ ಇವರೇನಾ ಅನಿಸುತ್ತೆ.

ಮುಂದಾಳಾಗಿ ತನ್ನ ಹೆಸರಲ್ಲಿ ಮಾಡಿದ್ದು ಒಂದೇ ಆಲ್ಬಂ, 1958ರ ಕೊನೆಯಲ್ಲಿ ರೆಕಾರ್ಡ್ ಆದ 'ಮೆಲ್ಬಾ ಲಿಸ್ಟನ್ ಅಂಡ್ ಹರ್ ಬೋನ್ಸ್'. ಊದೋರೆಲ್ಲ ಟ್ರೊಂಬೋನ್‌ನವರೇ, ಬೆನ್ನಿ ಗ್ರೀನ್, ಆಲ್ ಗ್ರೇ, ಜಿಮ್ಮಿ ಕ್ಲೀವ್‌ಲ್ಯಾಂಡ್, ಸ್ಲೈಡ್ ಹ್ಯಾಂಪ್ಟನ್ ಅಂಥವರು, ನಾಯಕಿ ಇವರು. ಅಷ್ಟು ದೊಡ್ಡ ಕಲಾವಿದೆಗೆ ಒಂದೇ ಆಲ್ಬಂ ಅನ್ನೋದು ಜಾಝ್ ಕಂಪನಿಗಳಿಗೆ ಶೋಭೆ ತರೋ ವಿಷಯ ಅಲ್ಲ. ಮರುವರ್ಷ ಕ್ವಿನ್ಸಿ ಜೋನ್ಸ್ ಬ್ಯಾಂಡ್ ಜೊತೆ ಯುರೋಪ್‌ಗೆ ಹೋದ್ರು, ಬ್ಯಾಂಡ್ ನುಡಿಸೋಕೆ ಹೋಗಿದ್ದ ಸಂಗೀತ ನಾಟಕ ಪ್ಯಾರಿಸ್‌ನಲ್ಲಿ ನಿಂತುಹೋಗಿ ಬ್ಯಾಂಡ್ ತಿಂಗಳುಗಟ್ಟಲೆ ಅಲ್ಲಲ್ಲೇ ಅಲೆದಾಡಿಕೊಂಡಿತ್ತು. ವಾಪಸ್ ಬಂದ ಮೇಲೆ ಮಿಲ್ಟ್ ಜಾಕ್ಸನ್, ಜಾನಿ ಗ್ರಿಫಿನ್, ಮೋಟೌನ್ ರೆಕಾರ್ಡ್ ಕಂಪನಿ ಹೀಗೆ ಎಲ್ಲರಿಗೂ ಬರೆದ್ರು, ಕವರ್‌ನಲ್ಲಿ ದೊಡ್ಡ ಅಕ್ಷರದಲ್ಲಿ ಅವರ ಹೆಸರು, ಹಿಂದುಗಡೆ ಸಣ್ಣದಾಗಿ ಈಕೆಯದು.

ನನ್ನ ಪ್ರಕಾರ ಮೆಲ್ಬಾ ಅವರ ನಿಜವಾದ ಕೆಲಸ ಪಿಯಾನೋ ವಾದಕ ರ‍್ಯಾಂಡಿ ವೆಸ್ಟನ್ ಜೊತೆಗಿನದು. ನ್ಯೂಯಾರ್ಕ್‌ನ ಬ್ರೂಕ್ಲಿನ್‌ನವರು, ಆರೂವರೆ ಅಡಿಗೂ ಮಿಕ್ಕಿದ ಎತ್ತರದ ಮನುಷ್ಯ, ಅವರ ಪಿಯಾನೋದಲ್ಲಿ ಆಫ್ರಿಕಾ ಇತ್ತು, ಅದನ್ನ ಇಡೀ ಬ್ಯಾಂಡ್‌ಗೆ ಬರೆದು ಹಂಚಿದ್ದು ಮೆಲ್ಬಾ. ಶುರು ಆಗಿದ್ದು 'ಲಿಟಲ್ ನೈಲ್ಸ್' ಆಲ್ಬಂನಿಂದ, ಅದರಲ್ಲಿ ಟ್ರೊಂಬೋನ್ ಕೂಡ ಅವರದ್ದೇ. 1960ರ ನವೆಂಬರ್‌ನಲ್ಲಿ 'ಉಹುರು ಆಫ್ರಿಕಾ'. ಆ ಒಂದೇ ವರ್ಷ ಆಫ್ರಿಕಾದಲ್ಲಿ ಹದಿನೇಳು ದೇಶ ಸ್ವತಂತ್ರ ಆಗಿದ್ವು, ಇವರು ನ್ಯೂಯಾರ್ಕ್‌ನಲ್ಲಿ ದೊಡ್ಡ ಬ್ಯಾಂಡ್ ಸೇರಿಸಿ, ನೈಜೀರಿಯಾದ ಒಲಾಟುಂಜಿ, ಕ್ಯೂಬಾದ ಕ್ಯಾಂಡಿಡೋ ಅಂಥ ತಾಳವಾದ್ಯದವರನ್ನ ಕೂರಿಸಿ, ಕವಿ ಲ್ಯಾಂಗ್‌ಸ್ಟನ್ ಹ್ಯೂಸ್ ಹತ್ತಿರ ಸಾಹಿತ್ಯ ಬರೆಸಿ, ಸ್ವಾಹಿಲಿ ಮಾತಿಂದಲೇ ಶುರು ಮಾಡಿದ್ರು. 1964ರಲ್ಲಿ ದಕ್ಷಿಣ ಆಫ್ರಿಕಾ ಸರ್ಕಾರ ಆ ರೆಕಾರ್ಡನ್ನ ಬ್ಯಾನ್ ಮಾಡ್ತು. ಅಷ್ಟೊಂದು ತಾಳ ಒಟ್ಟಿಗೆ ನಡೀತಿದ್ರೂ ಬ್ರಾಸ್, ಅಂದ್ರೆ ಹಿತ್ತಾಳೆ ವಾದ್ಯಗಳ ಗುಂಪು, ಎಲ್ಲೂ ಅದರ ಮೇಲೆ ಹತ್ತಿ ಕೂರಲ್ಲ, ಸಂದು ನೋಡಿಕೊಂಡು ಒಳಗೆ ಬರುತ್ತೆ, ಹೇಳಿ ಹೊರಟುಬಿಡುತ್ತೆ. ಬರೆಯೋರಿಗೆ ಎಷ್ಟು ಸಂಯಮ ಬೇಕು ಅಂತ ಅದನ್ನ ಕೇಳಿದ್ರೆ ಗೊತ್ತಾಗುತ್ತೆ.

1973ರಲ್ಲಿ ಜಮೈಕಾಗೆ ಹೋದ್ರು, ಅಲ್ಲಿನ ಸಂಗೀತ ಶಾಲೆಯಲ್ಲಿ ಪಾಠ, ಜೊತೆಗೆ 'ಸ್ಮೈಲ್ ಆರೆಂಜ್' ಅನ್ನೋ ಸಿನಿಮಾಗೆ ಸಂಗೀತ. 1979ರಲ್ಲಿ ಕಾನ್ಸಾಸ್ ಸಿಟಿಯಲ್ಲಿ ಹೆಂಗಸರದ್ದೇ ಜಾಝ್ ಉತ್ಸವಕ್ಕೆ ಕರೆದ್ರು, ಹುಟ್ಟಿದೂರಲ್ಲಿ ಮತ್ತೆ ವೇದಿಕೆ ಹತ್ತಿದ್ರು, ಆಮೇಲೆ ಸ್ವಂತ ಬ್ಯಾಂಡ್ ಕಟ್ಟಿಕೊಂಡು ಸುತ್ತಿದ್ರು.

1985ರಲ್ಲಿ ಸ್ಟ್ರೋಕ್ ಆಯ್ತು. ಬಲಗಡೆ ಸ್ವಾಧೀನ ಹೋಯ್ತು, ಸ್ಲೈಡ್ ಆಡಿಸೋದು ಬಲಗೈಯಲ್ಲೇ, ಅಲ್ಲಿಗೆ ಟ್ರೊಂಬೋನ್ ಮುಗೀತು. 1987ರಲ್ಲಿ ಜಾಝ್ ಮಾಸ್ಟರ್ ಗೌರವ ಕೊಟ್ರು, ಅಮೆರಿಕದಲ್ಲಿ ಜಾಝ್‌ನವರಿಗೆ ಅದಕ್ಕಿಂತ ದೊಡ್ಡದಿಲ್ಲ. ಬೇರೆ ಯಾರಾದ್ರೂ ಆಗಿದ್ರೆ ಅಲ್ಲಿಗೆ ನಿಲ್ಲಿಸ್ತಿದ್ರೋ ಏನೋ. ಇವರು ವೀಲ್‌ಚೇರ್‌ನಲ್ಲಿ ಕೂತು ಕಂಪ್ಯೂಟರ್ ಕಲಿತು ಎಡಗೈ ಒಂದರಲ್ಲೇ ಸ್ವರ ಹಾಕಿ ಹಾಕಿ ಅರೇಂಜ್‌ಮೆಂಟ್ ಬರೆದ್ರು. ವೆಸ್ಟನ್ ಕಾಯ್ಕೊಂಡು ಇದ್ರು. 1991ರಲ್ಲಿ ರೆಕಾರ್ಡ್ ಆದ 'ದಿ ಸ್ಪಿರಿಟ್ಸ್ ಆಫ್ ಅವರ್ ಆನ್ಸೆಸ್ಟರ್ಸ್' ಹಾಗೆ ಬಂದದ್ದು, ಅದರಲ್ಲಿ ಡಿಝಿ ಕೂಡ ಅತಿಥಿಯಾಗಿ ಊದಿದಾರೆ. ಆಮೇಲೆ 'ವಾಲ್ಕೇನೋ ಬ್ಲೂಸ್', ಅದರಲ್ಲಿ ವೆಸ್ಟನ್ ಹೆಸರಿನ ಜೊತೆ ಇವರ ಹೆಸರೂ ಕವರ್ ಮೇಲೆ ಬಂತು. ತೀರಿಕೊಂಡಿದ್ದು 1999ರ ಏಪ್ರಿಲ್ 23, ಲಾಸ್ ಏಂಜಲಿಸ್‌ನಲ್ಲಿ. ಅವರ ಕೈಬರಹದ ಹಾಳೆಗಳು ಶಿಕಾಗೋದ ಕೊಲಂಬಿಯಾ ಕಾಲೇಜಿನಲ್ಲಿವೆ.

ಇನ್ನು ನಿಮ್ಮ ಮಗಳ ವಿಷಯ. ಹುಡುಗರ ವಾದ್ಯ ಅನ್ನೋರಿಗೆ ಉತ್ತರ ಕೊಡೋಕೆ ಹೋಗಬೇಡಿ, ಅವಳನ್ನ ನುಡಿಸೋಕೆ ಬಿಡಿ. ಬರೀ ನುಡಿಸೋದಷ್ಟೇ ಅಲ್ಲ, ಸ್ವಲ್ಪ ದೊಡ್ಡವಳಾದ ಮೇಲೆ ಸ್ವರ ಬರೆಯೋದನ್ನೂ ಕಲಿಸಿ, ಮೆಲ್ಬಾ ಅವರನ್ನ ಕೊನೆತನಕ ಸಂಗೀತದಲ್ಲಿ ಉಳಿಸಿದ್ದು ಅದೇ. ಕೇಳಿಸೋಕೆ 'ಲಿಟಲ್ ನೈಲ್ಸ್'ನಿಂದ ಶುರು ಮಾಡಿ, 'ಉಹುರು ಆಫ್ರಿಕಾ' ಆಮೇಲೆ ಇರಲಿ. 'ಲಿಟಲ್ ನೈಲ್ಸ್'ನಲ್ಲಿ ಟ್ರಂಪೆಟ್, ಟೆನರ್ ಸ್ಯಾಕ್ಸ್, ಟ್ರೊಂಬೋನ್ ಮೂರೇ ಊದುವ ವಾದ್ಯ, ಮಕ್ಕಳಿಗೆ ಬೇರೆ ಬೇರೆ ಮಾಡಿ ಗುರುತಿಸೋಕೆ ಸುಲಭ, ಮೂರರಲ್ಲಿ ಕೆಳಗಿನ ದನಿ ಯಾವುದು ಹೇಳು ಅಂತ ಅವಳನ್ನೇ ಕೇಳಿ.