ಸೀರೆ ವಿಶೇಷಾಂಕದ ಮುಖಪುಟಕ್ಕೆ ಮೊದಲ ಸಲ ಫ್ಯಾಷನ್ ಇಲ್ಲಸ್ಟ್ರೇಷನ್ ಮಾಡುತ್ತಿದ್ದೇನೆ. ಐಪ್ಯಾಡ್ ಕೊಳ್ಳಲೇ, ಜಲವರ್ಣದಲ್ಲೇ ಮಾಡಲೇ? ನನ್ನದೇ ಸ್ಟೈಲ್ ಕಾಣಿಸುವುದು ಹೇಗೆ?

ಯಾವುದರಲ್ಲಾದರೂ ಮಾಡಿ. ಮುಖಪುಟ ಕೆಡುವುದು ಅಲ್ಲಲ್ಲ. ಸೀರೆ ಅಂದಿದ್ದೀರಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ನನ್ನ ಮೊದಲ ಮುಖಪುಟವೂ ಸೀರೆಯದ್ದೇ. ಅದು ಅಚ್ಚಾಗಲೇ ಇಲ್ಲ.

ಒಂದು ಮಾಸಪತ್ರಿಕೆಯ ದೀಪಾವಳಿ ಸಂಚಿಕೆ. ಒಳಗೆ ಮೈಸೂರು ರೇಷ್ಮೆ ಬಗ್ಗೆ ಉದ್ದದ ಲೇಖನ, ಹೊರಗೆ ಫೋಟೊ ಬೇಡ, ಚಿತ್ರವೇ ಇರಲಿ ಎಂದು ಕಲಾ ಸಂಪಾದಕರು ಹೇಳಿದರು. ನನ್ನ ಕಾಲು ನೆಲದ ಮೇಲಿರಲಿಲ್ಲ. ವೋಗ್ ಫ್ಯಾಷನ್ ಪತ್ರಿಕೆಯ ಕವರ್ ಮೇಲೆ ಎಡ್ವರ್ಡ್ ಸ್ಟೈಕನ್ ತೆಗೆದ ಬಣ್ಣದ ಫೋಟೊ ಬಂದಿದ್ದು 1932ರ ಜುಲೈನಲ್ಲಿ, ಅಲ್ಲಿಯವರೆಗೆ ಹೆಚ್ಚಾಗಿ ಚಿತ್ರಕಾರರದ್ದೇ ಕಾರುಬಾರು, ಲೆಪಾಪ್, ಹೆಲೆನ್ ಡ್ರೈಡನ್ ಅಂಥವರದ್ದು. ಇದನ್ನೆಲ್ಲ ಓದಿಕೊಂಡು ನಾನೂ ಅದೇ ಸಾಲಿನವನು ಅಂದುಕೊಂಡಿದ್ದೆ. ಸೀರೆ ಉಡುವುದು ಹೇಗೆ ಅಂತ ಮಾತ್ರ ಓದಿಕೊಂಡಿರಲಿಲ್ಲ.

ಕೆಲಸ ಸರಿಯಾಗೇ ಶುರುವಾಯಿತು. ಪತ್ರಿಕೆಯ ಹೆಸರು ಎಲ್ಲಿ ಬರುತ್ತೆ, ಬಾರ್‌ಕೋಡ್ ಎಲ್ಲಿ, ಶೀರ್ಷಿಕೆಗಳು ಯಾವ ಕಡೆ, ಎಲ್ಲ ಗುರುತು ಹಾಕಿದ ಖಾಲಿ ಪುಟ ಕಳಿಸಿದರು. ಅದರ ಮೇಲೆ ಅಂಚೆಚೀಟಿ ಗಾತ್ರದ ಸ್ಕೆಚ್‌ಗಳು. ಅದರಲ್ಲೊಂದು ಒಪ್ಪಿಗೆಯಾಯಿತು: ಮುಕ್ಕಾಲು ತಿರುಗಿ ನಿಂತ ಹೆಂಗಸು, ಹೆಗಲಿಂದ ನೆಲದವರೆಗೆ ಇಳಿಬಿದ್ದ ಸೆರಗು. ಪರಿಚಯದವರೊಬ್ಬರಿಗೆ ಸೀರೆ ಉಟ್ಟು ನಿಲ್ಲಲು ಹೇಳಿ ಫೋಟೊ ತೆಗೆದೆ. ಅದನ್ನು ನೋಡಿಕೊಂಡು ಪೆನ್ಸಿಲ್ ರಫ್ ಕಳಿಸಿದೆ.

ಸಂಪಾದಕರು ಫೋನ್ ಮಾಡಿದರು. "ಚೆನ್ನಾಗಿದೆ. ಆದರೆ ಇವಳು ಪಿನ್ ಕಡೆ ನೋಡ್ತಿದ್ದಾಳೆ. ಪುಟ ತೆರೆಯೋ ಕಡೆ ನೋಡಲಿ."

ಅವರು ಹೇಳಿದ್ದು ಸರಿಯೇ. ಪಿನ್ ಹೊಡೆಯುವುದು ಎಡಕ್ಕೆ, ಪುಟ ತೆರೆಯುವುದು ಬಲದಿಂದ. ಮುಖ ಬಲಕ್ಕಿದ್ದರೆ ಓದುಗರ ಕಣ್ಣು ಒಳಗೆ ಹೋಗುತ್ತೆ. ಎಡಗಡೆ ಶೀರ್ಷಿಕೆಗಳಿಗೂ ಜಾಗ ಸಿಗುತ್ತೆ. ಮತ್ತೆ ಬರೆಯಬೇಕಿತ್ತು. ನಾನು ಆ್ಯಪ್‌ನಲ್ಲಿ ಫ್ಲಿಪ್ ಒತ್ತಿದೆ. ಎಡ ಬಲವಾಯಿತು, ಮುಗಿಯಿತು.

ಫ್ಲಿಪ್ ಮಾಡಿ ನೋಡುವುದು ನಮಗೆಲ್ಲ ಅಭ್ಯಾಸವೇ ಅಲ್ವಾ? ಮುಖ ಸೊಟ್ಟಗಿದ್ದರೆ ತಕ್ಷಣ ಗೊತ್ತಾಗಲಿ ಅಂತ ಹತ್ತಾರು ಸಲ ಮಾಡುತ್ತೇವೆ. ಆದರೆ ಅದು ತಪ್ಪು ಹಿಡಿಯುವುದಕ್ಕೆ. ನಾನು ಫ್ಲಿಪ್ ಮಾಡಿ ಹಾಗೇ ಬಿಟ್ಟೆ. ಸಾಲದು ಅಂತ ಫೋಟೊವನ್ನೂ ಫ್ಲಿಪ್ ಮಾಡಿ ಪಕ್ಕದಲ್ಲಿ ಇಟ್ಟುಕೊಂಡೆ. ಇದೇ ದೊಡ್ಡ ದಡ್ಡತನ. ಫೋಟೊ ಇದ್ದ ಹಾಗೆ ಇದ್ದಿದ್ದರೆ ಎರಡೂ ತಾಳೆಯಾಗದೆ ಎಲ್ಲೋ ಅನುಮಾನ ಬರುತ್ತಿತ್ತು. ಈಗ ಎರಡೂ ಒಂದೇ ಸುಳ್ಳು ಹೇಳುತ್ತಿದ್ದವು.

ಆಗಿದ್ದೇನು ಅಂದರೆ, ನಾವು ದಿನಾ ನೋಡುವ ಉಡುಗೆಯಲ್ಲಿ ನೆರಿಗೆ ಮುಂದೆ. ಉಳಿದ ಸೀರೆ ಸೊಂಟ ಸುತ್ತಿ, ಬಲಗೈ ಕೆಳಗಿಂದ ಮುಂದೆ ಬಂದು, ಎದೆ ಮೇಲೆ ಓರೆಯಾಗಿ ಹಾಯ್ದು ಎಡಹೆಗಲಿಗೆ ಏರುತ್ತೆ. ನನ್ನ ಚಿತ್ರದಲ್ಲಿ ಅದು ಬಲಹೆಗಲಿಗೆ ಏರಿತ್ತು. ಬಲಹೆಗಲಿಗೆ ಹಾಕುವವರೇ ಇಲ್ಲ ಅಂತಲ್ಲ. ಕೊಡವರ ಉಡುಗೆಯಲ್ಲಿ ನೆರಿಗೆ ಹಿಂದೆ, ಸೆರಗು ಎಡಗೈ ಕೆಳಗಿಂದ ಬಂದು ಬಲಹೆಗಲ ಮೇಲೆ ನಿಲ್ಲುತ್ತೆ. ಗುಜರಾತಿಗಳು ಸೆರಗನ್ನು ಬೆನ್ನ ಹಿಂದಿನಿಂದ ಬಲಹೆಗಲ ಮೇಲೆ ತಂದು ಎದೆ ಮುಂದೆ ಹರಡುತ್ತಾರೆ. ನನ್ನದು ಅದೂ ಅಲ್ಲ, ಇದೂ ಅಲ್ಲ. ನೆರಿಗೆ ಮುಂದೆ, ಸೆರಗು ಮುಂದಿನಿಂದ ಬಲಕ್ಕೆ ಹೋಗಿ ಹಿಂದಕ್ಕೆ. ನೆರಿಗೆಯ ಬಾಯಿ ಕೂಡ ಉಲ್ಟಾ. ವಾಚು ಬಲಗೈಗೆ ಹೋಗಿತ್ತು, ಅದು ಬಿಡಿ, ಯಾರೂ ಕೇಳುವುದಿಲ್ಲ.

ಬಣ್ಣದ ಪ್ರೂಫ್, ಅಂದರೆ ಅಚ್ಚಿಗೆ ಮೊದಲು ತೆಗೆಯುವ ಮಾದರಿ ಪ್ರತಿ, ಬಂದ ದಿನ ನಾನು ಆಫೀಸಿನಲ್ಲೇ ಇದ್ದೆ. ಎಲ್ಲರೂ ಭೇಷ್ ಅಂದರು. ಎಲ್ಲರೂ ಅಂದರೆ ಎಲ್ಲ ಗಂಡಸರೂ. ಕರಡು ತಿದ್ದುವ ಅಮ್ಮ ಒಬ್ಬರು ಬೇರೇನೋ ಕೇಳಲು ಬಂದವರು, ಕನ್ನಡಕ ಸರಿಮಾಡಿಕೊಂಡು ಬಗ್ಗಿ ನೋಡಿದರು. "ಏನಪ್ಪಾ, ಇವಳೇನು ಎಡಚಿನಾ? ಸೆರಗು ಹಿಂಗ್ಯಾಕೆ ಹಾಕ್ಕೊಂಡಿದ್ದಾಳೆ?"

ಯಾರೂ ಮಾತಾಡಲಿಲ್ಲ. ಹಾಳಾಗಿ ಹೋಗಲಿ ಅಂತ ವಾಪಸ್ ಫ್ಲಿಪ್ ಮಾಡೋಣವೆಂದರೆ ಮುಖ ಮತ್ತೆ ಪಿನ್ ಕಡೆ, ಶೀರ್ಷಿಕೆಗಳು ನೇರ ಮೂಗಿನ ಮೇಲೆ. ಸೆರಗು ಮಾತ್ರ ತಿದ್ದೋಣವೆಂದರೆ ಆ ಚಿತ್ರದಲ್ಲಿ ಇದ್ದದ್ದೇ ಸೆರಗು. ಜೊತೆಗೆ ಫೈಲ್ ಹಗುರವಾಗಲಿ ಅಂತ ಬೇರೆಬೇರೆಯಾಗಿ ತಿದ್ದಬಹುದಾದ ಪದರಗಳನ್ನು, ಅಂದರೆ ಲೇಯರ್‌ಗಳನ್ನೆಲ್ಲ ಒಂದು ಮಾಡಿಬಿಟ್ಟಿದ್ದೆ. ಮುಖಪುಟ ದಪ್ಪ ಕಾಗದದಲ್ಲಿ ಬೇರೆಯಾಗಿ, ಒಳಪುಟಗಳಿಗಿಂತ ಮೊದಲೇ ಅಚ್ಚಿಗೆ ಹೋಗಬೇಕಿತ್ತು. ಯಾವುದೋ ದೀಪದ ಫೋಟೊ ಹಾಕಿದರು. ನನ್ನ ಚಿತ್ರವನ್ನು ಸರಿಯಾಗಿ ತಿರುಗಿಸಿ, ಲೇಖನದ ಮೂಲೆಯಲ್ಲಿ ಸಣ್ಣದಾಗಿ ಹಾಕಿದರು. ದುಡ್ಡು ಅರ್ಧ. ಆಮೇಲೆ ಬಹಳ ದಿನ ಅಲ್ಲಿಂದ ಫೋನೂ ಇಲ್ಲ.

ಹಾಗಾಗಿ ನೀವು ಮೊದಲು ಮಾಡಬೇಕಾದ್ದು ಐಪ್ಯಾಡ್ ಅಂಗಡಿಗೆ ಹೋಗುವುದಲ್ಲ, ಲೇಖನದಲ್ಲಿರುವ ಸೀರೆಯನ್ನೇ ತರಿಸಿ ನೀವೇ ಉಟ್ಟು ನೋಡುವುದು. ಗಂಡಸಾದರೂ ಉಟ್ಟು ನೋಡಿ, ನಾಚಿಕೆ ಏನಿದೆ? ನಾನು ಈಗ ಪ್ಯಾಂಟಿನ ಮೇಲೇ ಸುತ್ತಿಕೊಳ್ಳುತ್ತೇನೆ. ಬಟ್ಟೆ ಎಲ್ಲಿಂದ ಹೊರಟು ಎಲ್ಲಿಗೆ ಹೋಗುತ್ತೆ ಅಂತ ಮೈಗೆ ಗೊತ್ತಾದರೆ ಕೈ ತಪ್ಪುವುದಿಲ್ಲ.

ಯಾವ ಸೀರೆ ಅನ್ನುವುದೂ ಮುಖ್ಯ. ಮೈಸೂರಿನ ಸರ್ಕಾರಿ ರೇಷ್ಮೆ ಕಾರ್ಖಾನೆ 1912ರಲ್ಲಿ ಶುರುವಾಯಿತು. ಅಲ್ಲಿಯ ಕ್ರೇಪ್ ಸೀರೆಯ ನೂಲಿಗೆ ಬಿಗಿಯಾಗಿ ಹುರಿ ಹಾಕಿರುತ್ತಾರೆ. ಅದಕ್ಕೇ ಅದು ಮೈಗಂಟಿ ನೀರಿನ ಹಾಗೆ ಇಳಿಯುತ್ತೆ. ಹೊಳಪು ಮಂಕಾಗಿರುತ್ತೆ, ಮಡಿಕೆಗೆ ಚೂಪು ಅಂಚಿರುವುದಿಲ್ಲ. ಕಾಂಜೀವರಂ ಹಾಗಲ್ಲ, ಸೆಟೆದು ನಿಲ್ಲುತ್ತೆ, ಮಡಿಕೆ ಮುರಿಯುತ್ತೆ. ಎರಡಕ್ಕೂ ಒಂದೇ ಬಿಳಿ ಹೊಳಪು ಬಳಿದರೆ ಸೀರೆ ಗೊತ್ತಿರುವವರು ಪುಟ ತೆರೆಯುವ ಮೊದಲೇ ನಗುತ್ತಾರೆ. ಈ ವ್ಯತ್ಯಾಸ ತೋರಿಸಿದರೆ ಸ್ಟೈಲ್ ತಾನಾಗೇ ಬರುತ್ತೆ. ಮೊದಲ ಕವರ್‌ನಲ್ಲೇ ನಿಮ್ಮ ಸ್ಟೈಲ್ ಕಾಣಬೇಕು ಅನ್ನುವ ಹಟ ಬಿಡಿ. ಅಂಗಡಿಯಲ್ಲಿ ಪತ್ರಿಕೆ ಎತ್ತಿಕೊಳ್ಳುವವರು ನಿಮ್ಮನ್ನು ಹುಡುಕುತ್ತಿಲ್ಲ, ಸೀರೆ ನೋಡುತ್ತಿದ್ದಾರೆ.

ಇನ್ನೊಂದು. ಫ್ಯಾಷನ್ ಪುಸ್ತಕಗಳಲ್ಲಿ ಆಕೃತಿ ಒಂಬತ್ತು ತಲೆ ಎತ್ತರ ಅಂತಿರುತ್ತೆ. ಮನುಷ್ಯರು ಇರುವುದು ಸುಮಾರು ಏಳೂವರೆ. ಆ ಹೆಚ್ಚಿನ ಉದ್ದ ಬಹುಪಾಲು ಕಾಲಿಗೆ ಹೋಗುತ್ತೆ, ಗೌನಿಗೆ ಚೆಂದ. ಸೀರೆಯಲ್ಲಿ ನೆರಿಗೆ ಪರದೆ ಥರ ಕಾಣುತ್ತೆ. ಎಂಟಕ್ಕೆ ನಿಲ್ಲಿಸಿ.

ಉಳಿದದ್ದು ಸುಲಭ, ಯಾರನ್ನು ಕೇಳಿದರೂ ಹೇಳುತ್ತಾರೆ. 300 ಡಿಪಿಐ (ಇಂಚಿಗೆ ಅಷ್ಟು ಚುಕ್ಕೆ), ಸುತ್ತ 3 ಮಿಲಿಮೀಟರ್ ಬ್ಲೀಡ್ (ಕತ್ತರಿಸಿ ಹೋಗುವ ಹೆಚ್ಚಿನ ಅಂಚು), ಬಣ್ಣ ಸಿಎಂವೈಕೆಯಲ್ಲಿ (ಅಚ್ಚಿನ ನಾಲ್ಕು ಶಾಯಿಗಳ ಲೆಕ್ಕದಲ್ಲಿ). ಪರದೆ ಮೇಲೆ ಮಿಂಚುವ ನವಿಲು ಹಸಿರು ಕಾಗದದ ಮೇಲೆ ಹಾಗೇ ಬರುವುದಿಲ್ಲ, ಪ್ರೂಫ್ ಕೇಳಿ. ಲೇಯರ್ ಇರುವ ಫೈಲ್ ಒಂದನ್ನು ಬೇರೆ ಉಳಿಸಿಕೊಳ್ಳಿ. ರಫ್ ಕಳಿಸುವ ಮೊದಲೇ ಮುಖ ಯಾವ ಕಡೆ ಇರಬೇಕು ಅಂತ ಕೇಳಿಬಿಡಿ. ರಫ್ ಬಂದಾಗ ಆಫೀಸಿನಲ್ಲಿ ದಿನಾ ಸೀರೆ ಉಡುವವರೊಬ್ಬರಿಗೆ ತೋರಿಸಿ ಅಂತಲೂ ಹೇಳಿ. ಕಲಾ ಸಂಪಾದಕರಿಗೆ ಬೇಜಾರಾದರೂ ಪರವಾಗಿಲ್ಲ.

ಐಪ್ಯಾಡ್ ಈಗ ಬೇಡ. ಸಂಭಾವನೆ ಬಂದ ಮೇಲೆ ನೋಡಿಕೊಳ್ಳಿ. ಚಿತ್ರ ಅಚ್ಚಾಗದಿದ್ದರೂ ಎಷ್ಟು ಕೊಡುತ್ತಾರೆ ಅನ್ನುವುದನ್ನು ಮಾತ್ರ ಕೆಲಸ ಶುರು ಮಾಡುವ ಮೊದಲೇ ಇಮೇಲ್‌ನಲ್ಲಿ ಬರೆಸಿಕೊಳ್ಳಿ, ಫೋನಿನಲ್ಲಿ ಹೇಳಿದ್ದು ಯಾರಿಗೂ ನೆನಪಿರುವುದಿಲ್ಲ.